ಅಳಿಯನ ಕೈಗೆ 'ಫಸ್ಟ್ ಕಾಪಿ' ಕಟ್ಟಬೇಡಿ

ಮದುವೆ ನಿಶ್ಚಯವಾದ ಮನೆಯಲ್ಲಿ ಪಟ್ಟಿ ಬರೆಯೋ ಕೆಲಸ ಯಾರದು ಹೇಳಿ? ನಮ್ಮದೇ. ಧಾರೆ ಸೀರೆ, ಬಳೆ, ಬೀಗರಿಗೆ ಕೊಡೋ ಬೆಳ್ಳಿ ಲೋಟ, ಅಡುಗೆಯವರಿಗೆ ಅಡ್ವಾನ್ಸ್... ಹೀಗೆ ಸಾಗುವ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತೆ: 'ಹುಡುಗನಿಗೆ ಉಂಗುರ, ವಾಚ್'. ಉಂಗುರ ಕೊಳ್ಳೋವಾಗ ನಾವು ನಾಲ್ಕು ಅಂಗಡಿ ತಿರುಗ್ತೀವಿ, ತೂಕ ನೋಡ್ತೀವಿ, ಹಾಲ್‌ಮಾರ್ಕ್ ಇದೆಯಾ ಅಂತ ಕನ್ನಡಕ ಹಾಕ್ಕೊಂಡು ಹುಡುಕ್ತೀವಿ. ವಾಚ್ ವಿಷಯ ಬಂದಾಗ ಮಾತ್ರ ಕೈ ಮೊಬೈಲಿಗೆ ಹೋಗುತ್ತೆ. ಅಲ್ಲಿ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಫೋಟೋ. ಪಳಪಳ ಹೊಳೆಯೋ ಡಯಲ್, ಅದರ ಮೇಲೆ ರೋಲೆಕ್ಸೋ ಒಮೆಗಾವೋ ಹೆಸರು, ಬೆಲೆ ನೋಡಿದ್ರೆ ಐದೋ ಆರೋ ಸಾವಿರ. 'ಫಸ್ಟ್ ಕಾಪಿ ಆಂಟಿ, ಅಂಗಡಿಯವರಿಗೂ ಗೊತ್ತಾಗಲ್ಲ' ಅಂತ ಮೇಲೊಂದು ಭರವಸೆ!

ತಗೊಳ್ಳೋದಾ ಬೇಡವಾ ಅಂತ ನೀವು ಯೋಚಿಸ್ತಾ ಇದ್ದರೆ, ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಬೇಡ, ಮತ್ತೆ ನಕಲಿಯನ್ನು ಗುರುತಿಸೋದು ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ ಬನ್ನಿ.

ಒನ್ ಗ್ರಾಮ್ ಗೋಲ್ಡ್ ಸರಿ, ಇದು ಯಾಕೆ ತಪ್ಪು?

ಈ ಪ್ರಶ್ನೆಯನ್ನ ನಮ್ಮ ಓರಗೆಯ ಹೆಂಗಸರು ಕೇಳೇ ಕೇಳ್ತಾರೆ. 'ನಾವು ಒನ್ ಗ್ರಾಮ್ ಗೋಲ್ಡ್ ಸರ ಹಾಕ್ಕೊಂಡು ಮದುವೆಗೆ ಹೋಗಲ್ವಾ? ಅದೂ ನೋಡೋಕೆ ಚಿನ್ನದ ಹಾಗೇ ಇರುತ್ತಲ್ವಾ?' ಅಂತ. ಪ್ರಶ್ನೆ ಸರಿಯಾಗೇ ಇದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಒನ್ ಗ್ರಾಮ್ ಗೋಲ್ಡ್ ಮಾರುವವನು ಅದನ್ನು ಒನ್ ಗ್ರಾಮ್ ಗೋಲ್ಡ್ ಅಂತಲೇ ಮಾರುತ್ತಾನೆ. ಅದರ ಕೊಂಡಿಯ ಮೇಲೆ '916' ಅಂತ ಮುದ್ರೆ ಒತ್ತಿರುವುದಿಲ್ಲ. ಒತ್ತಿ ಕೊಟ್ಟರೆ ನೀವು ಸುಮ್ಮನಿರ್ತೀರಾ? ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀರಿ.

ಫಸ್ಟ್ ಕಾಪಿ ವಾಚ್ ಮಾಡೋದು ಇದನ್ನೇ. ಇನ್ನೊಬ್ಬರ ಮುದ್ರೆಯನ್ನು ಕದ್ದು ತನ್ನ ಮೇಲೆ ಒತ್ತಿಕೊಂಡಿರುತ್ತೆ. ಹೆಸರಿಲ್ಲದ ಸಾದಾ ವಾಚನ್ನು ಸಾವಿರ ರೂಪಾಯಿಗೆ ಕೊಟ್ಟರೆ ಅದು ಅಗ್ಗದ ವಾಚ್ ಅಷ್ಟೇ, ಅದರಲ್ಲಿ ಯಾವ ಮೋಸವೂ ಇಲ್ಲ. ಅದೇ ವಾಚಿನ ಮೇಲೆ ರೋಲೆಕ್ಸಿನ ಕಿರೀಟ ಬರೆದರೆ ಅದು ನಕಲಿ. 'ಫಸ್ಟ್ ಕಾಪಿ', 'ಸೆವೆನ್ ಎ ಕ್ವಾಲಿಟಿ', 'ಮಾಸ್ಟರ್ ಕಾಪಿ' ಅನ್ನೋ ಮಾತುಗಳೆಲ್ಲ ನಕಲಿ ಅನ್ನೋ ಒಂದೇ ಪದಕ್ಕೆ ಸವರಿದ ಬೆಲ್ಲ. ಯಾವ ಕಂಪನಿಯೂ ತನ್ನ ವಾಚಿಗೆ 'ಮೊದಲ ಕಾಪಿ', 'ಎರಡನೇ ಕಾಪಿ' ಅಂತ ಮಾಡೋದಿಲ್ಲ.

ಇನ್ನೊಂದು ಮಾತು. ಚಿನ್ನಕ್ಕೆ ನಮಗೆ ಸರ್ಕಾರದ ಆಸರೆ ಇದೆ. 2021ರ ಜೂನ್‌ನಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯ ಮಾಡೋಕೆ ಶುರು ಮಾಡಿದರು. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ಮನೆಯಲ್ಲೇ ಕೂತು ನೋಡಬಹುದು. ವಾಚಿಗೆ ಅಂಥ ಸರ್ಕಾರಿ ಮುದ್ರೆ ಯಾವುದೂ ಇಲ್ಲ. ಹಾಗಾಗಿ ಚಿನ್ನಕ್ಕಿಂತ ವಾಚ್ ಕೊಳ್ಳುವಾಗಲೇ ನಾವು ಹೆಚ್ಚು ಎಚ್ಚರವಾಗಿರಬೇಕು. ನಾವು ಮಾಡ್ತಿರೋದು ಉಲ್ಟಾ!

ವಾಚಿನಿಂದ ಸರಕ್ಕೆ ಬಂದ ಅನುಮಾನ

'ಹೋದರೆ ಐದು ಸಾವಿರ ತಾನೇ' ಅಂತ ಹಗುರ ಮಾಡುವವರಿಗೆ ನಮ್ಮ ರಾಗಿಗುಡ್ಡದ ಪರಿಚಯದ ಮನೆಯೊಂದರ ಕತೆ ಹೇಳ್ತೀನಿ.

ಆ ತಾಯಿ ಮಗಳನ್ನು ಭದ್ರಾವತಿಗೆ ಕೊಟ್ಟರು. ಸಂಘದಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಅಳಿಯನಿಗೆ ಒಂದು ದೊಡ್ಡ ವಿದೇಶಿ ಹೆಸರಿನ ವಾಚ್ ಕೊಂಡರು, ಏಳೂವರೆ ಸಾವಿರಕ್ಕೆ. ಮಾರಿದವನು ಹೇಳಿದ್ದು, 'ದುಬೈನಿಂದ ತಂದದ್ದು ಅಮ್ಮಾ, ಡ್ಯೂಟಿ ಕಟ್ಟಿಲ್ಲ, ಅದಕ್ಕೇ ಕಡಿಮೆ' ಅಂತ. ಪಾಪ, ಅವರು ಅಸಲಿ ಅಂತಲೇ ನಂಬಿದ್ದರು. ಐದು ತಿಂಗಳಿಗೆ ವಾಚ್ ನಿಂತಿತು. ಅಳಿಯ ಸೆಲ್ ಹಾಕಿಸೋಕೆ ಅಂತ ಗಾಂಧಿ ಬಜಾರಿನ ವಾಚ್ ರಿಪೇರಿಯವರ ಹತ್ತಿರ ಒಯ್ದರು. ಅವರು ಹಿಂದಿನ ಮುಚ್ಚಳ ತೆಗೆದು ತೋರಿಸಿದರಂತೆ: ಅಗಲವಾದ ಕೇಸಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ, ಆ ಬಳೆಯೊಳಗೆ ಸಣ್ಣದೊಂದು ಅಗ್ಗದ ಮಷೀನು.

ಅಳಿಯ ಒಳ್ಳೆಯ ಹುಡುಗ, ಅತ್ತೆಗೆ ಏನೂ ಹೇಳಲಿಲ್ಲ. ಆದರೆ ವಿಷಯ ಮನೆಯಲ್ಲಿ ಬಾಯಿಂದ ಬಾಯಿಗೆ ಹೋಯಿತು. ಗೌರಿ ಹಬ್ಬದ ಅರಿಶಿನ-ಕುಂಕುಮಕ್ಕೆ ಬಂದ ಬಂಧುವೊಬ್ಬರು ಎಲ್ಲರೆದುರು ನಗ್ತಾ ನಗ್ತಾ ಅಂದರಂತೆ, 'ವಾಚೇ ಹಿಂಗಾದ್ರೆ ಸರ ಹೆಂಗಿದೆಯೋ, ಒಂದ್ಸಲ ತೋರ್ಸಿಬಿಡಿ!' ಆ ಸರ ಅಪ್ಪಟ ಚಿನ್ನ. ಅಪ್ಪ ಸಾಲ ಮಾಡಿ ಮಾಡಿಸಿದ್ದು. ಆದರೂ ಆ ಹುಡುಗಿ ಮಾರನೇ ದಿನ ಸರ ಬಿಚ್ಚಿಕೊಂಡು ಚಿನ್ನದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿ, ಚೀಟಿ ತಂದು ತೋರಿಸಬೇಕಾಯಿತು.

ಈಗ ಹೇಳಿ, ಆ ಮನೆಯವರು ಕಳಕೊಂಡದ್ದು ಏಳೂವರೆ ಸಾವಿರ ಮಾತ್ರವಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಯಿತು.

ಉಡುಗೊರೆಯ ವಾಚಿನ ತೊಂದರೆ ಇಲ್ಲೇ ಇರೋದು. ನಮಗೇ ಅಂತ ಕೊಂಡ ನಕಲಿ ಕೆಟ್ಟರೆ ನಾವೇ ಬೈದುಕೊಂಡು ಸುಮ್ಮನಾಗ್ತೀವಿ. ಉಡುಗೊರೆ ಪಡೆದವರು ಬಿಲ್ ಕೇಳೋ ಹಾಗಿಲ್ಲ, ಎಲ್ಲಿ ತಗೊಂಡ್ರಿ ಅಂತ ವಿಚಾರಿಸೋ ಹಾಗಿಲ್ಲ. ನಿಜ ಗೊತ್ತಾಗೋದು ರಿಪೇರಿ ಅಂಗಡಿಯಲ್ಲಿ, ನಾವಿಲ್ಲದಾಗ. ನಮಗೂ ಮೋಸ ಆಗಿದೆ ಅಂತ ಹೇಳಿಕೊಳ್ಳೋ ಅವಕಾಶವೂ ಸಿಗೋದಿಲ್ಲ. ಮಾತು ಕೇಳಬೇಕಾಗೋದು ಆ ಮನೆ ಸೇರಿದ ಮಗಳು.

ಹಾಗೇ ಇದನ್ನೂ ಹೇಳಿಬಿಡ್ತೀನಿ. ಪ್ರೀತಿಯಿಂದ ವಾಚ್ ಕೊಡೋದು ಬೇರೆ, 'ನಮ್ಮ ಹುಡುಗನಿಗೆ ಇಂಥ ಕಂಪನಿಯದ್ದೇ ಬೇಕು' ಅಂತ ಬೀಗರು ಕೇಳೋದು ಬೇರೆ. ಮದುವೆಯ ಹೆಸರಲ್ಲಿ ಹಾಗೆ ಕೇಳಿ ಪಡೆಯೋದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕೇಳಿದರು ಅಂತ ನಕಲಿ ಕೊಟ್ಟು ಸಮಾಧಾನ ಮಾಡೋ ಬದಲು, ಆಗೋದಿಲ್ಲ ಅಂತ ಹೇಳೋದೇ ಮೇಲು.

ಮುಖ ನೋಡಿ ಗುರುತಿಸೋದು ಹೇಗೆ?

ಬೆಳ್ಳಗಿರುವುದೆಲ್ಲ ಹಾಲಲ್ಲ, ನಿಜ. ಆದರೆ ನೀರು ಬೆರೆಸಿದ ಹಾಲನ್ನು ಗುರುತಿಸೋ ನಮಗೆ ವಾಚ್ ಗುರುತಿಸೋದು ಕಷ್ಟವೇನಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಕೆಲವು ಇವೆ.

* ಅಕ್ಷರ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಡಯಲನ್ನು ದೊಡ್ಡದು ಮಾಡಿ ನೋಡಿ. ಅಸಲಿ ವಾಚಿನಲ್ಲಿ ಅಕ್ಷರದ ಅಂಚು ಕತ್ತರಿಸಿದ ಹಾಗಿರುತ್ತೆ. ನಕಲಿಯಲ್ಲಿ ಮಸಿ ಹರಡಿರುತ್ತೆ, ಅಕ್ಷರಗಳ ನಡುವಿನ ಜಾಗ ಹೆಚ್ಚುಕಡಿಮೆ ಇರುತ್ತೆ, ಕೆಲವೊಮ್ಮೆ ಸ್ಪೆಲ್ಲಿಂಗೇ ತಪ್ಪಿರುತ್ತೆ.

* ಸಣ್ಣ ಡಯಲ್‌ಗಳನ್ನು ಪರೀಕ್ಷಿಸಿ. ದೊಡ್ಡ ಡಯಲಿನೊಳಗೆ ಎರಡು-ಮೂರು ಪುಟ್ಟ ಡಯಲ್ ಇರೋ ವಾಚ್‌ಗಳಿವೆ, ಅವನ್ನು ಕ್ರೋನೋಗ್ರಾಫ್ ಅಂತಾರೆ. ಪಕ್ಕದ ಗುಂಡಿ ಒತ್ತಿದರೆ ಓಟದ ಪಂದ್ಯದಲ್ಲಿ ಸಮಯ ಅಳೆಯೋ ಹಾಗೆ ಮುಳ್ಳು ಓಡಬೇಕು, ಮತ್ತೆ ಒತ್ತಿದರೆ ನಿಲ್ಲಬೇಕು. ಅಗ್ಗದ ನಕಲಿಗಳಲ್ಲಿ ಆ ಪುಟ್ಟ ಮುಳ್ಳುಗಳು ಬರೀ ಅಲಂಕಾರಕ್ಕೆ ಅಂಟಿಸಿದವು.

* ಸೆಕೆಂಡ್ ಮುಳ್ಳಿನ ನಡಿಗೆ ಗಮನಿಸಿ. ಸೆಲ್ ಹಾಕೋ ಕ್ವಾರ್ಟ್ಸ್ ವಾಚಿನಲ್ಲಿ ಸಾಮಾನ್ಯವಾಗಿ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಟ್ಟು ನಿಲ್ಲುತ್ತೆ. ಕೀ ಕೊಡೋ ವಾಚ್ ಅಥವಾ ಆಟೋಮ್ಯಾಟಿಕ್ ವಾಚಿನಲ್ಲಿ ಜಾರಿದ ಹಾಗೆ ಹೋಗುತ್ತೆ, ಯಾಕಂದ್ರೆ ಅದು ಸೆಕೆಂಡಿಗೆ ಐದು, ಆರು, ಎಂಟು ಸಲ ಮಿಡಿಯುತ್ತೆ. ರೋಲೆಕ್ಸ್ ಈಗ ಮಾರೋದೆಲ್ಲ ಆಟೋಮ್ಯಾಟಿಕ್ ಇಲ್ಲವೇ ಕೀ ಕೊಡೋ ವಾಚ್. ಹೊಸ ರೋಲೆಕ್ಸ್ ಅಂತ ಕೊಟ್ಟದ್ದು ಟಿಕ್ ಟಿಕ್ ಅಂತ ಸೆಕೆಂಡಿಗೊಂದು ಹೆಜ್ಜೆ ಹಾಕಿದರೆ ಅಲ್ಲಿಗೇ ಮುಗಿಯಿತು. ಆದರೆ ಕಾರ್ತಿಯೇ, ಒಮೆಗಾ ಕಂಪನಿಗಳು ಅಸಲಿ ಕ್ವಾರ್ಟ್ಸ್ ವಾಚ್‌ಗಳನ್ನೂ ಮಾಡ್ತವೆ. ಹಾಗಾಗಿ ಟಿಕ್ ಟಿಕ್ ಅಂದದ್ದೆಲ್ಲ ನಕಲಿ ಅಂತ ಹೇಳೋಕಾಗಲ್ಲ.

* ತಾರೀಕಿನ ಕಿಟಕಿ ನೋಡಿ. ರೋಲೆಕ್ಸಿನ ಹಲವು ಮಾದರಿಗಳಲ್ಲಿ ತಾರೀಕಿನ ಮೇಲೆ ಪುಟ್ಟ ಭೂತಗನ್ನಡಿ ಇರುತ್ತೆ. ಅದು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ. ನಕಲಿಯಲ್ಲಿ ಅಂಕಿ ಸಣ್ಣದಾಗಿರುತ್ತೆ ಅಥವಾ ಕಿಟಕಿಯ ಒಂದು ಮಗ್ಗುಲಿಗೆ ವಾಲಿರುತ್ತೆ.

* ಕೈಗೆ ತುರಿಕೆ ಬಂದರೆ ಉಪೇಕ್ಷೆ ಬೇಡ. ಅಗ್ಗದ ಲೋಹದ ಮೇಲಿನ ಲೇಪ ಬೆವರಿಗೆ ಬೇಗ ಸವೆದು, ಒಳಗಿನ ನಿಕಲ್ ಚರ್ಮಕ್ಕೆ ತಾಗುತ್ತೆ. ಅಗ್ಗದ ಓಲೆ ಹಾಕಿ ಕಿವಿ ಕೆಂಪಾಗೋದು ನಮಗೆ ಗೊತ್ತೇ ಇದೆಯಲ್ಲ, ಇದೂ ಅದೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಸತ್ಯ. ಈ ಪರೀಕ್ಷೆಗಳಲ್ಲಿ ಸಿಕ್ಕಿಬೀಳೋದು ಕಳಪೆ ನಕಲಿ ಮಾತ್ರ. ಈಗಿನ 'ಒಳ್ಳೆಯ' ನಕಲಿಗಳು ತೂಕವಾಗಿರ್ತವೆ, ಗೀರು ಬೀಳದ ಗಾಜು ಇರುತ್ತೆ, ಒಳಗೆ ಆಟೋಮ್ಯಾಟಿಕ್ ಮಷೀನೂ ಇರುತ್ತೆ. 'ಭಾರ ಇದೆ ನೋಡಿ' ಅನ್ನೋ ಮಾತಿಗೆ ಬೆಲೆ ಕೊಡಬೇಡಿ. ಹಿಂದೆ ಕೊರೆದ ಸೀರಿಯಲ್ ನಂಬರನ್ನೂ ಪೂರ್ತಿ ನಂಬಬೇಡಿ. ಒಂದು ಅಸಲಿ ವಾಚಿನ ನಂಬರನ್ನೇ ಎಷ್ಟೋ ನಕಲಿಗಳ ಮೇಲೆ ಕೊರೆದಿರ್ತಾರೆ. ಡಬ್ಬಿ, ಕಾರ್ಡು, ಚೀಲ ಎಲ್ಲದಕ್ಕೂ ನಕಲಿ ಉಂಟು. 'ಸ್ವಿಸ್ ಮೇಡ್' ಅಂತ ಬರೆಯಬೇಕಾದರೆ 2017ರಿಂದ ಆ ವಾಚಿನ ತಯಾರಿಕೆ ವೆಚ್ಚದಲ್ಲಿ ಕನಿಷ್ಠ ಶೇ 60ರಷ್ಟು ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು ಅನ್ನೋ ಕಾನೂನು ಅಲ್ಲಿದೆ. ಆದರೆ ನಕಲಿ ಮಾಡೋನಿಗೆ ಆ ಎರಡು ಪದ ಬರೆಯೋಕೆ ಒಂದು ಹನಿ ಮಸಿ ಸಾಕು.

ವಾಚಿಗಿಂತ ಮೊದಲು ಅಂಗಡಿ ನೋಡಿ

ಅಂದ ಮೇಲೆ ನಮಗೆ ಗಟ್ಟಿ ಆಧಾರ ಯಾವುದು? ಎಲ್ಲಿಂದ ಬಂತು ಅನ್ನೋ ಕಾಗದ.

2016ರ ಶುರುವಿನಲ್ಲಿ ನಡೆದದ್ದು ನೆನಪು ಮಾಡಿಕೊಳ್ಳಿ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೊ ವಾಚಿನ ಬಗ್ಗೆ ರಾಜ್ಯವೆಲ್ಲ ಮಾತಾಡಿತು. ವಿರೋಧ ಪಕ್ಷದವರು ಅದರ ಬೆಲೆ ಹತ್ತಾರು ಲಕ್ಷ ಅಂದರು. ಅದು ಗೆಳೆಯರೊಬ್ಬರು ಕೊಟ್ಟ ಉಡುಗೊರೆ ಅಂತ ಮುಖ್ಯಮಂತ್ರಿಗಳು ಹೇಳಿದರು. ಕೊನೆಗೆ ಆ ಮಾರ್ಚಿನಲ್ಲಿ ವಾಚನ್ನು ವಿಧಾನಸಭೆಯ ಸ್ಪೀಕರ್ ಆಗಿದ್ದ ನಮ್ಮ ಜಿಲ್ಲೆಯ ಕಾಗೋಡು ತಿಮ್ಮಪ್ಪನವರ ಕೈಗೆ ಒಪ್ಪಿಸಿದರು, ಸರ್ಕಾರದ ಆಸ್ತಿಯಾಗಲಿ ಅಂತ. ನಮ್ಮಲ್ಲಿ ಎಷ್ಟೋ ಜನ ಹ್ಯೂಬ್ಲೊ ಅನ್ನೋ ಹೆಸರು ಕೇಳಿದ್ದೇ ಆಗ. ರಾಜಕೀಯ ನಮಗೆ ಬೇಡ ಬಿಡಿ. ಆದರೆ ಇಡೀ ಗಲಾಟೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಮಾತ್ರ ನಮ್ಮ ಮನೆಗೂ ಸಲ್ಲುತ್ತೆ: ವಾಚ್ ಎಲ್ಲಿಂದ ಬಂತು, ಯಾರು ಕೊಂಡರು, ಕಾಗದ ಎಲ್ಲಿದೆ? ಮುಖ್ಯಮಂತ್ರಿಗಳ ಉಡುಗೊರೆಗೇ ಕೇಳಿದ ಪ್ರಶ್ನೆಯನ್ನ ನಾವು ವಾಟ್ಸಾಪ್ ಅಂಗಡಿಯವನಿಗೆ ಕೇಳೋಕೆ ಯಾಕೆ ನಾಚಬೇಕು?

ಕೊಳ್ಳೋ ಮುಂಚೆ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ನಿಮ್ಮ ಊರಿನಲ್ಲಿ ಅಥವಾ ಹತ್ತಿರದಲ್ಲಿ ಅದರ ಅಧಿಕೃತ ಮಾರಾಟಗಾರರು ಯಾರು ಅಂತ ನೋಡಿ. ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ಹುಡುಕಿಕೊಡ್ತಾರೆ. ರೋಲೆಕ್ಸ್ ಕಂಪನಿ ತನ್ನ ಹೊಸ ವಾಚ್‌ಗಳನ್ನು ಆನ್‌ಲೈನಿನಲ್ಲಿ ಮಾರೋದೇ ಇಲ್ಲ. ಹಾಗಿರುವಾಗ ಇನ್‌ಸ್ಟಾಗ್ರಾಮಿನಲ್ಲಿ 'ಹೊಸ ರೋಲೆಕ್ಸ್, ಡೆಲಿವರಿ ಫ್ರೀ' ಅಂದರೆ ನಕ್ಕು ಮುಂದೆ ಹೋಗಿ.

ಬಿಲ್ ತಗೊಳ್ಳಿ. ಅದರಲ್ಲಿ ಕಂಪನಿಯ ಹೆಸರು, ಮಾದರಿ ಸಂಖ್ಯೆ, ತಾರೀಕು ಇರಲಿ. ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರ-ಅಂಕಿಗಳದ್ದು. ನಮ್ಮ ರಾಜ್ಯದ ಅಂಗಡಿಯಾದರೆ ಅದು 29ರಿಂದ ಶುರುವಾಗುತ್ತೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿಯ ಹೆಸರು ಬರುತ್ತೆ. ಬರಲಿಲ್ಲವೋ, ಬೇರೆ ಯಾರದ್ದೋ ಹೆಸರು ಬಂತೋ, ಜಾಗ ಖಾಲಿ ಮಾಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ಸಹಿ ಹಾಕಿಸೋದನ್ನ ಮರೀಬೇಡಿ. 'ಕೆಟ್ಟರೆ ಯಾವ ಸರ್ವಿಸ್ ಸೆಂಟರಿಗೆ ಕೊಡಬೇಕು?' ಅಂತ ಕೇಳಿ ನೋಡಿ. ಅಸಲಿ ಮಾರುವವನು ತಕ್ಷಣ ವಿಳಾಸ ಹೇಳ್ತಾನೆ. ನಕಲಿ ಮಾರುವವನು ಮಾತು ಮರೆಸ್ತಾನೆ.

ದುಬಾರಿ ಹೆಸರಿಗೆ ಮಾತ್ರ ಈ ಕಾಟ ಅಂದ್ಕೋಬೇಡಿ. ನಾವು ಸಾಮಾನ್ಯವಾಗಿ ಕೊಳ್ಳೋ ಟೈಟನ್, ಫಾಸ್ಟ್ರ್ಯಾಕ್ ಹೆಸರಿನ ನಕಲಿಗಳನ್ನೂ ಪೊಲೀಸರು ಹಿಡಿದ ಸುದ್ದಿ ಬೇರೆ ಬೇರೆ ಊರುಗಳಿಂದ ಬಂದಿದೆ. ಪೇಟೆಯ ನೆಲದ ಮೇಲೆ ಹರಡಿಟ್ಟ ಟೈಟನ್ ಮುನ್ನೂರು ರೂಪಾಯಿಗೆ ಸಿಕ್ಕರೆ ಅದು ಟೈಟನ್ ಅಲ್ಲ ಅಂತ ಬೇರೆ ಹೇಳಬೇಕಾ?

ಬೀರುವಿನಲ್ಲಿರೋ ಅಸಲಿ

ವಿದೇಶಿ ಹೆಸರಿನ ನಕಲಿಗೆ ದುಡ್ಡು ಸುರಿಯೋ ನಾವು, ಮನೆಯ ಬೀರುವಿನಲ್ಲಿ ಮಲಗಿರೋ ಅಸಲಿಯನ್ನ ಮರೆತಿರ್ತೀವಿ. ಮಾವನವರದೋ ತಾತನದೋ ಹೆಚ್‌ಎಂಟಿ ವಾಚ್ ಇದೆಯಾ ಒಮ್ಮೆ ನೋಡಿ.

ಹೆಚ್‌ಎಂಟಿ ನಮ್ಮ ಕರ್ನಾಟಕದ್ದೇ. ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್... ಹೆಸರು ಕೇಳಿದರೆ ಸಾಕು, ಮನೆಯ ಹಿರಿಯರ ಮುಖ ಅರಳುತ್ತೆ. ನಷ್ಟದಲ್ಲಿದ್ದ ಹೆಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. 2019ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹೆಚ್‌ಎಂಟಿಯ ಮ್ಯೂಸಿಯಂ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಒಳ್ಳೆಯ ಜಾಗ.

ಕಂಪನಿ ಮುಚ್ಚುತ್ತೆ ಅಂದ ಮೇಲೆ ಹಳೆಯ ವಾಚಿಗೆ ಬೇಡಿಕೆ ಏರಿತು. ಬೇಡಿಕೆ ಇದ್ದಲ್ಲಿ ನಕಲಿ ಇಲ್ಲದೇ ಇರುತ್ತಾ? ಹಳೆಯ, ಕೆಟ್ಟ ವಾಚ್‌ಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಒಂದರ ಮಷೀನು, ಇನ್ನೊಂದರ ಕೇಸು, ಹೊಸದಾಗಿ ಬಣ್ಣ ಬಳಿದ ಡಯಲು ಸೇರಿಸಿ 'ಅಪರೂಪದ ಹೆಚ್‌ಎಂಟಿ' ಅಂತ ಆನ್‌ಲೈನಿನಲ್ಲಿ ಮಾರ್ತಾರೆ. ಡಯಲ್ ಹೊಚ್ಚ ಹೊಸದರ ಹಾಗೆ ಮಿನುಗ್ತಾ ಇದ್ದು, ಮುಚ್ಚಳ ಮಾತ್ರ ಸವೆದು ಹೋಗಿದ್ದರೆ ಅನುಮಾನ ಪಡಿ. ಕಿತ್ತಳೆ, ಗಿಣಿಹಸಿರು ಬಣ್ಣ ಬಳಿದ ಜನತಾ ಕಂಡರಂತೂ ಎರಡು ಸಲ ಯೋಚಿಸಿ. ಮುಚ್ಚಳ ತೆಗೆಸಿದರೆ ಒಳಗಿನ ಮಷೀನಿನ ಮೇಲೂ ಹೆಚ್‌ಎಂಟಿ ಅಂತ ಇರಬೇಕು.

ನಿಮ್ಮ ಮನೆಯದ್ದಕ್ಕೆ ಆ ಚಿಂತೆ ಇಲ್ಲ. ಅದು ಯಾರು ಕೊಂಡದ್ದು, ಯಾವ ವರ್ಷ ಅಂತ ಅತ್ತೆಯವರಿಗೇ ಗೊತ್ತಿರುತ್ತೆ. ಬಿಲ್ಲಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಹಳೇ ಸಾಮಾನಿನವನು ನೂರು ರೂಪಾಯಿ ಕೊಡ್ತೀನಿ ಅಂದ ಅಂತ ಕೊಟ್ಟು ಕಳಿಸಬೇಡಿ. ನಂಬಿಕೆಯ ರಿಪೇರಿಯವರ ಹತ್ತಿರ ಒಯ್ದು ಎಣ್ಣೆ ಹಾಕಿಸಿ, ಕ್ಲೀನ್ ಮಾಡಿಸಿ, ಹೊಸ ಬೆಲ್ಟ್ ಕಟ್ಟಿಸಿ. ಡಯಲಿಗೆ ಬಣ್ಣ ಮಾತ್ರ ಹೊಡೆಸಬೇಡಿ, ಕಲೆ ಇದ್ದರೆ ಇರಲಿ. ಡಯಲಿನ ಮೇಲೆ '17 ಜ್ಯುವೆಲ್ಸ್' ಅಂತ ಇದ್ದರೆ ಒಳಗೆ ಒಡವೆ ಇದೆ ಅಂದ್ಕೊಂಡು ಬಿಚ್ಚಿಸೋಕೆ ಹೋಗಬೇಡಿ ಮತ್ತೆ! ಅವು ಕೃತಕ ಮಾಣಿಕ್ಯದ ಸಣ್ಣ ಹರಳುಗಳು. ಚಕ್ರಗಳು ಸವೆಯದ ಹಾಗೆ ತಿರುಗಲಿ ಅಂತ ಇಟ್ಟಿರೋದು, ಅವಕ್ಕೆ ಒಡವೆಯ ಬೆಲೆ ಇಲ್ಲ.

ತಾತನ ವಾಚನ್ನ ರಿಪೇರಿ ಮಾಡಿಸಿ ಮೊಮ್ಮಗಳ ಗಂಡನ ಕೈಗೆ ಕಟ್ಟಿದರೆ ಅದಕ್ಕಿಂತ ದೊಡ್ಡ ಉಡುಗೊರೆ ಉಂಟೇ? ಹೊಸದೇ ಬೇಕು ಅಂದರೆ ಹೆಚ್‌ಎಂಟಿ ಲಿಮಿಟೆಡ್ ಈಗಲೂ ತನ್ನದೇ ಮಳಿಗೆ, ವೆಬ್‌ಸೈಟಿನ ಮೂಲಕ ವಾಚ್ ಮಾರುತ್ತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚೋದಾದರೆ ನೆಹರೂ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ನಿಮಗೆ ನಂಬಿಕೆಯಿರುವ ಅಂಗಡಿಗೆ ಹೋಗಿ, ಐದು ಸಾವಿರದ ಒಳಗೇ ಸೊನಾಟಾನೋ ಟೈಟನೋ ಬಿಲ್ ಸಮೇತ ತಗೊಳ್ಳಿ. ತಲೆ ಎತ್ತಿ ಕೊಡಬಹುದು.

ಮನೆಯಿಂದಲೇ ಮಾರುವವರಿಗೆ ಒಂದು ಕಿವಿಮಾತು

ನಮ್ಮಲ್ಲಿ ಎಷ್ಟೋ ಹೆಂಗಸರು ಈಗ ವಾಟ್ಸಾಪಿನಲ್ಲಿ ಸೀರೆ, ಬ್ಯಾಗು, ವಾಚ್ ಮಾರಿ ನಾಲ್ಕು ಕಾಸು ಸಂಪಾದಿಸ್ತಾರೆ. ಮೆಚ್ಚಬೇಕಾದ್ದೇ. ಆದರೆ ಫಸ್ಟ್ ಕಾಪಿ ವಾಚ್ ಫೋಟೋ ಮುಂದಕ್ಕೆ ಕಳಿಸೋ ಮುಂಚೆ ಕಾನೂನು ತಿಳಿದಿರಲಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಬೇರೆಯವರ ಮುದ್ರೆ ಹಾಕಿದ ನಕಲಿ ಮಾಲು ಮಾರಿದರೆ, ಮಾರೋಕೆ ಅಂತ ಇಟ್ಟುಕೊಂಡಿದ್ದರೂ ಸಹ, 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 'ನಾನು ಬರೀ ಫಾರ್ವರ್ಡ್ ಮಾಡಿ ಇನ್ನೂರು ರೂಪಾಯಿ ಇಟ್ಕೊಂಡೆ' ಅಂದರೆ ತಪ್ಪಿಸಿಕೊಳ್ಳೋಕಾಗಲ್ಲ. ಮೇಲಿನ ವ್ಯಾಪಾರಿ ಮುಂಬೈನಲ್ಲೋ ದೆಹಲಿಯಲ್ಲೋ ಕೂತಿರ್ತಾನೆ. ಫೋನ್ ನಂಬರು, ದುಡ್ಡು ಬಂದ ಖಾತೆ ನಿಮ್ಮದಾಗಿರುತ್ತೆ.

ಮೋಸ ಹೋದರೆ ಏನು ಮಾಡೋದು?

ಅಸಲಿ ಅಂತ ಹೇಳಿ ನಕಲಿ ಕೊಟ್ಟಿದ್ದರೆ ಅಳುತ್ತಾ ಕೂರಬೇಡಿ.

* ದುಡ್ಡು ಕಳಿಸಿದ ದಾಖಲೆ, ಬಿಲ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. 'ಅಸಲಿ' ಅಂತ ಅವನು ಬರೆದ ಮೆಸೇಜೇ ನಿಮ್ಮ ಸಾಕ್ಷಿ.

* ಕಂಪನಿಯ ಸರ್ವಿಸ್ ಸೆಂಟರಿಗೆ ತೋರಿಸಿ, ಇದು ನಮ್ಮದಲ್ಲ ಅಂತ ಅವರಿಂದ ಬರಹದಲ್ಲಿ ಪಡೆಯಿರಿ.

* ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು.

* ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದ ಮೇಲೆ, ಮಾರಿದವನು ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ.

ಆದರೆ 'ಫಸ್ಟ್ ಕಾಪಿ' ಅಂತ ಗೊತ್ತಿದ್ದೇ ಕೊಂಡಿದ್ದರೆ? ಅಸಲಿ ಅಂತ ನಂಬಿಸಿ ಮೋಸ ಮಾಡಿದ ಅಂತ ಯಾವ ಬಾಯಲ್ಲಿ ದೂರು ಕೊಡ್ತೀರಿ? ಕಳ್ಳನಿಗೆ ಚೇಳು ಕುಟುಕಿದ ಹಾಗೆ, ಬಾಯಿ ಬಿಡೋ ಹಾಗಿಲ್ಲ.

ಅಳಿಯನ ಕೈಗೆ ವಾಚ್ ಕಟ್ಟೋದು ಊರಿಗೆ ನಮ್ಮ ಸಿರಿವಂತಿಕೆ ತೋರಿಸೋಕಲ್ಲ, 'ನೀನು ನಮ್ಮವನಪ್ಪಾ' ಅಂತ ಹೇಳೋಕೆ. ಆ ಮಾತನ್ನು ಎರಡು ಸಾವಿರದ ಸಾದಾ ವಾಚೂ ಹೇಳುತ್ತೆ, ತಾತನ ಹೆಚ್‌ಎಂಟಿಯೂ ಹೇಳುತ್ತೆ. ಬೇರೆಯವರ ಹೆಸರು ಕದ್ದು ಬರೆಸಿಕೊಂಡ ವಾಚಿನಿಂದ ಮಾತ್ರ ಆ ಮಾತು ಹೇಳಿಸೋಕಾಗಲ್ಲ. ಹಾಗಾಗಿ ಈ ಸಲ ಮದುವೆ ಪಟ್ಟಿಯಲ್ಲಿ 'ಹುಡುಗನಿಗೆ ವಾಚ್' ಅಂತ ಬರೆಯೋವಾಗ ಪಕ್ಕದಲ್ಲೇ 'ಬಿಲ್ ಸಮೇತ' ಅಂತಲೂ ಸೇರಿಸಿಬಿಡಿ. ಏನಂತೀರಿ?